ಹಿಮಬಂಡಿಯ ತಯಾರಿ: ಎಳೆಗೋಲುಗಳ ಹಂತ

ಚಳಿಗಾಲದ ದೀರ್ಘ ಚಾರಣಗಳಲ್ಲಿ ಡೇರೆ, ಒಲೆ, ಇಂಧನ ಮತ್ತು ದಪ್ಪ ಮಲಗುಚೀಲಗಳ ಭಾರವನ್ನು ಬೆನ್ನಿನಿಂದ ಇಳಿಸಿ ಸೊಂಟದಿಂದ ಎಳೆಯಲು ನಾನು ಮಾಡುತ್ತಿರುವ ಹಿಮಬಂಡಿಯ ಮುಖ್ಯ ಭಾಗಗಳು ಈಗ ಒಂದಕ್ಕೊಂದು ಕೂಡಿವೆ. ತೊಟ್ಟಿಗೆ ಮಕ್ಕಳು ಜಾರಿ ಆಡುವ, ಸುಮಾರು ಒಂದೂವರೆ ಮೀಟರ್ ಉದ್ದದ ಪಾಲಿಥಿಲೀನ್ ಬಂಡಿಯನ್ನೇ ಬಳಸಿದ್ದೇನೆ. ಈ ಪ್ಲಾಸ್ಟಿಕ್ ಕಡುಚಳಿಯಲ್ಲೂ ಸುಲಭವಾಗಿ ಸಿಡಿಯುವುದಿಲ್ಲ. ಜೊತೆಗೆ ಅಗಲವಾದ ತಳವಿರುವುದರಿಂದ, ಕಿರಿದಾದ ಪಟ್ಟಿಗಳ ಮೇಲೆ ನಿಂತ ಬಂಡಿ ಹೂತುಹೋಗುವಂತಹ ಸಡಿಲ ಹಿಮದಲ್ಲೂ ಅದು ತೇಲಿದಂತೆ ಸಾಗುತ್ತದೆ. 1888ರಲ್ಲಿ ಗ್ರೀನ್‌ಲ್ಯಾಂಡನ್ನು ಅಡ್ಡಲಾಗಿ ದಾಟಿದ ನಾರ್ವೆಯ ಅನ್ವೇಷಕ ನ್ಯಾನ್ಸೆನ್ ತಂಡದ ಬಂಡಿಗಳಿಗೂ ಸ್ಕೀಗಳಂತೆ ಅಗಲವಾದ ಪಟ್ಟಿಗಳಿದ್ದುದು ಇದೇ ಕಾರಣಕ್ಕೆ.

ನನ್ನ ಹೆಚ್ಚಿನ ಗಮನವೆಲ್ಲ ಬಂಡಿಯನ್ನು ಸೊಂಟಪಟ್ಟಿಗೆ ಜೋಡಿಸುವ ಎಳೆಗೋಲುಗಳ ಮೇಲಿದೆ, ಏಕೆಂದರೆ ಬಂಡಿಯ ಗುಣ ನಿರ್ಧಾರವಾಗುವುದು ತೊಟ್ಟಿಯಲ್ಲಲ್ಲ, ಅದು ದೇಹಕ್ಕೆ ಕೂಡುವ ಜಾಗದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬರಿಯ ಹಗ್ಗದಿಂದ ಎಳೆದರೆ ಇಳಿಜಾರಿನಲ್ಲಿ ಬಂಡಿ ನುಗ್ಗಿಬಂದು ಹಿಮ್ಮಡಿಗೆ ಬಡಿಯುತ್ತದೆ. ಗಡುಸಾದ ಕೋಲು ಅದನ್ನು ದೂರದಲ್ಲೇ ತಡೆದು ಹಿಡಿಯುತ್ತದೆ. ಪಿವಿಸಿ ಕೊಳವೆ ಚಳಿಗೆ ಪೆಡಸಾಗುವುದರಿಂದ ಅದನ್ನು ಬಿಟ್ಟು, ಕಾಲಿಗೆ ಕಟ್ಟಿದ ಸ್ಕೀಯ ಹಿಂತುದಿ ಬಂಡಿಗೆ ತಾಗದಷ್ಟು ಉದ್ದದ ಟೊಳ್ಳಾದ ಫೈಬರ್‌ಗ್ಲಾಸ್ ಕೋಲುಗಳನ್ನು ಆರಿಸಿಕೊಂಡೆ. ಅವುಗಳೊಳಗೆ ಹಾಯಿಸಿದ ನೈಲಾನ್ ಹಗ್ಗವನ್ನು ಎರಡೂ ತುದಿಗಳಲ್ಲಿ ಬಿಗಿದಿರುವುದರಿಂದ, ಕೋಲು ಮುರಿದರೂ ಬಂಡಿ ಕೈತಪ್ಪುವುದಿಲ್ಲ.

ಕೋಲುಗಳನ್ನು ಸಮಾನಾಂತರವಾಗಿ ಇಡದೆ ನಡುವೆ ಕತ್ತರಿಯಾಕಾರದಲ್ಲಿ ಹಾಯಿಸಿದ್ದೇನೆ. ನಾವು ಬಲಕ್ಕೆ ತಿರುಗಿದಾಗ ಸೊಂಟದ ಎಡಭಾಗ ಮುಂದಾಗುತ್ತದೆ; ಅಲ್ಲಿಗೆ ಕಟ್ಟಿದ ಕೋಲು ಬಂಡಿಯ ಬಲಮೂಲೆಯನ್ನು ಎಳೆಯುವುದರಿಂದ ಅದರ ಮೂತಿ ಮೊದಲು ತಿರುವಿನ ಹೊರಮಗ್ಗುಲಿಗೆ ಹೊರಳಿ, ಬಂಡಿ ಒಳದಾರಿ ಹಿಡಿಯದೆ ನಮ್ಮ ಜಾಡಿನಲ್ಲೇ ಬರುತ್ತದೆ. ಮರಗಳ ನಡುವೆ ಸಾಗುವವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂಬುದನ್ನು ಭಾರ ತುಂಬಿ ಎಳೆದು ನೋಡಿದಾಗಲೇ ಪೂರ್ತಿಯಾಗಿ ಮನಗಂಡೆ. ಸೊಂಟಪಟ್ಟಿಗೆ ಹಳೆಯ ಬೆನ್ನುಚೀಲದ ಅಗಲವಾದ ಪಟ್ಟಿಯನ್ನು ಬಳಸಿ, ಎರಡೂ ಬದಿಗೆ ಕ್ಯಾರಾಬೀನರ್ (ತೆರೆದು ಮುಚ್ಚಬಹುದಾದ ಲೋಹದ ಕೊಂಡಿ) ಸಿಕ್ಕಿಸಿದ್ದೇನೆ.

ತೊಟ್ಟಿಗೆ ರಂಧ್ರ ಕೊರೆದ ಕಡೆಯಲ್ಲೆಲ್ಲ ಅಗಲವಾದ ವಾಷರ್‌ಗಳನ್ನು ಹಾಕಿ, ತಳದಲ್ಲಿ ಯಾವ ಬೋಲ್ಟಿನ ತಲೆಯೂ ಹೊರಚಾಚದಂತೆ ನೋಡಿಕೊಂಡಿದ್ದೇನೆ. ಕಡುಚಳಿಯಲ್ಲಿ ಉಜ್ಜುವಿಕೆಯ ಶಾಖಕ್ಕೆ ನೀರಿನ ತೆಳುಪೊರೆ ಸರಿಯಾಗಿ ಮೂಡದೆ ಹಿಮ ಮರಳಿನಂತೆ ಜಗ್ಗುತ್ತದೆ. ಅಂತಹ ದಿನ ತಳದ ಸಣ್ಣ ಉಬ್ಬೂ ಕಾಲಿನ ಶಕ್ತಿಯನ್ನು ಹೀರುತ್ತದೆ. ಭಾರವಾದ ಸಾಮಾನುಗಳನ್ನು ಕೆಳಗೆ, ನಡುವಿಗಿಂತ ತುಸು ಹಿಂದೆ ಇಟ್ಟು, ಎಲ್ಲವನ್ನೂ ಒಂದೇ ಹೊದಿಕೆಯಲ್ಲಿ ಸುತ್ತಿ, ಬದಿಯ ಹಗ್ಗಗಳಿಗೆ ಅಡ್ಡಡ್ಡವಾಗಿ ಬಿಗಿದರೆ ಬಂಡಿ ಮಗುಚಿದರೂ ಏನೂ ಚೆಲ್ಲುವುದಿಲ್ಲ.

ಓರೆಯಾದ ಗಟ್ಟಿಹಿಮದ ಇಳಿಜಾರನ್ನು ಅಡ್ಡಹಾಯುವಾಗ ಬಂಡಿಯ ಹಿಂಭಾಗ ಕೆಳಮಗ್ಗುಲಿಗೆ ಜಾರುವುದು ಮಾತ್ರ ಇನ್ನೂ ನಿಂತಿಲ್ಲ. ಅದಕ್ಕಾಗಿ ಹಿಂಬದಿಯ ತಳಕ್ಕೆ ‘L’ ಆಕಾರದ ಅಲ್ಯೂಮಿನಿಯಂ ಪಟ್ಟಿಯ ಎರಡು ಗಿಡ್ಡ ರೆಕ್ಕೆಗಳನ್ನು ಉದ್ದುದ್ದವಾಗಿ ಕೂಡಿಸಬೇಕಾಗಿದೆ. ಕಡಿದಾದ ಇಳಿಜಾರಿಗೆಂದು ಮೂತಿಯ ಕೆಳಗೆ ಇಳಿಬಿಡಬಹುದಾದ ದಪ್ಪ ಹಗ್ಗದ ತಡೆಯೊಂದನ್ನೂ ಸೇರಿಸುತ್ತೇನೆ.