ಕುಸ್ಕೋದಲ್ಲಿ ಉಸಿರು ಕಟ್ಟುತ್ತಾ?

ಕಟ್ಟುತ್ತೆ. ಪೆರುವಿನ ಆ ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಮೇಲೆ. ಗಾಳಿಯ ಒತ್ತಡ ಮಂಗಳೂರಿನಲ್ಲಿ ಇರುವುದರ ಮೂರರಲ್ಲಿ ಎರಡು ಪಾಲು. ಮೊದಲ ಎರಡು ದಿನ ತಲೆ ಸಿಡಿಯುತ್ತೆ, ನಾಲ್ಕು ಮೆಟ್ಟಿಲಿಗೆ ಏದುಸಿರು ಬರುತ್ತೆ. ನಿಧಾನ ನಡೆಯಿರಿ, ಕಡಿಮೆ ಉಣ್ಣಿ, ಕೋಕಾ ಎಲೆ ಹಾಕಿದ ಬಿಸಿನೀರು ಕೊಡುತ್ತಾರೆ, ಕುಡಿಯಿರಿ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ, ನನ್ನನ್ನಲ್ಲ. ಬೆಟ್ಟದ ಮೇಲಿನ ಪಾಳುನಗರ ಮಾಚು ಪಿಚು ಇನ್ನೂ ಎತ್ತರ ಅಲ್ವಾ ಅನ್ನುವವರಿಗೆ: ಅಲ್ಲ, ಅದು ಕುಸ್ಕೋಗಿಂತ ಹತ್ತಿರಹತ್ತಿರ ಸಾವಿರ ಮೀಟರ್ ಕೆಳಗಿದೆ.

ಇದನ್ನು ಎಷ್ಟು ಸಲ ಬೇಕಾದರೂ ಹೇಳಿಯೇನು. ನನಗೆ ತಡೆಯಲಾಗದ್ದು ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ.

ಹಾಸನದಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ಪಕ್ಕ ಕೂತ ಹುಡುಗ ನನ್ನ ಮೊಬೈಲಿನಲ್ಲಿ ಕುಸ್ಕೋದ ಕಲ್ಲುಗೋಡೆಯ ಫೋಟೋ ನೋಡಿ, "ಅಕ್ಕಾ, ಇದನ್ನ ಮನುಷ್ಯರು ಕಟ್ಟೋಕಾಗುತ್ತಾ? ಬೇರೆ ಗ್ರಹದವರು ಬಂದಿದ್ರಂತೆ" ಅಂದ. ಬಾಯಿಗಿಟ್ಟ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಬೇಲೂರು ನೋಡಿಕೊಂಡು ಬೆಳೆದ ಹುಡುಗ ಅವನು. ಅಲ್ಲಿನ ಶಿಲ್ಪಿಗಳು ವಿಗ್ರಹದ ಕೆಳಗೆ ಹೆಸರು ಕೆತ್ತಿ ಹೋಗಿದ್ದಾರೆ, ಹಾಗಾಗಿ ಅವರ ಮೇಲೆ ಅವನಿಗೆ ಅನುಮಾನವಿಲ್ಲ. ಸ್ಪ್ಯಾನಿಷರು ಬರುವ ಮುಂಚೆ ಕುಸ್ಕೋದಿಂದ ಆಳುತ್ತಿದ್ದ ಇಂಕಾಗಳಿಗೆ ಲಿಪಿ ಇರಲಿಲ್ಲ, ದಾರದ ಗಂಟುಗಳಲ್ಲಿ ಲೆಕ್ಕ ಇಡುತ್ತಿದ್ದರು. ಹೆಸರು ಕೆತ್ತಲಿಲ್ಲ ಅಂದಮಾತ್ರಕ್ಕೆ ಅವರು ಮನುಷ್ಯರೇ ಅಲ್ಲವಾದರಾ?

ಕುಸ್ಕೋದ ಹಾತುನ್ ರುಮಿಯೋಕ್ ಅನ್ನುವ ಬೀದಿಯ ಗೋಡೆಯಲ್ಲಿ ಹನ್ನೆರಡು ಮೂಲೆಯ ಒಂದು ಕಲ್ಲಿದೆ. ಗಾರೆ ಇಲ್ಲ, ಸಂದಿಯಲ್ಲಿ ಉಗುರೂ ಹೋಗದು. ಗಟ್ಟಿ ಕಲ್ಲಿನ ಸುತ್ತಿಗೆಯಿಂದ ಕುಟ್ಟಿ ಕುಟ್ಟಿ ಒಂದೊಂದು ಮುಖವನ್ನೂ ನೆರೆಯ ಕಲ್ಲಿಗೆ ಹೊಂದಿಸಿದ್ದಾರೆ. ಸೂರ್ಯದೇವಾಲಯ ಕೊರಿಕಾಂಚಾದ ಗೋಡೆಗಳ ಮೇಲೆ ಸ್ಪ್ಯಾನಿಷರು ಸಂತ ಡೊಮಿಂಗೊ ಮಠ ಕಟ್ಟಿದರು. 1950ರ ಭೂಕಂಪದಲ್ಲಿ ಮಠಕ್ಕೆ ಭಾರೀ ಪೆಟ್ಟು ಬಿತ್ತು. ಅಡಿಯ ಇಂಕಾ ಗೋಡೆ ಅಲುಗಲಿಲ್ಲ. ಒಳಕ್ಕೆ ತುಸು ವಾಲಿಸಿ ಕಟ್ಟಿದ್ದ ಆ ಕೈಗಳಿಗೆ ನೆಲದ ಸ್ವಭಾವ ಗೊತ್ತಿತ್ತು.

ಕಟ್ಟಿದವರ ಮಕ್ಕಳು ಮರಿ ಈಗ ಎಲ್ಲಿದ್ದಾರೆ ಅಂತ ಒಬ್ಬರಾದರೂ ಕೇಳಬಾರದಾ?

ಅಲ್ಲೇ ಇದ್ದಾರೆ. ಸಾನ್ ಪೆದ್ರೊ ಮಾರುಕಟ್ಟೆಯಲ್ಲಿ ತಮ್ಮತಮ್ಮಲ್ಲಿ ಇಂಕಾಗಳ ಭಾಷೆ ಕೆಚುವಾ, ನನ್ನಂಥವರ ಜೊತೆ ಸ್ಪ್ಯಾನಿಷ್ ಮಾತಾಡುತ್ತಾರೆ. ಒಬ್ಬ ಅಜ್ಜಿಯ ಮುಂದೆ ಕಲ್ಲಿನ ಹಾಗೆ ಕಾಣುವ, ಎತ್ತಿದರೆ ಬೆಂಡಿನಷ್ಟು ಹಗುರವಾದ ಉಂಡೆಗಳಿದ್ದವು. ಏನಿದು ಅಂತ ಕೈಸನ್ನೆಯಲ್ಲಿ ಕೇಳಿದೆ. "ಚುನ್ಯೊ" ಅಂದರು. ಕೊರೆಯುವ ರಾತ್ರಿಗಳಲ್ಲಿ ಬಯಲಲ್ಲಿ ಹರಡಿ ಹೆಪ್ಪುಗಟ್ಟಿಸಿ, ಹಗಲು ತುಳಿದು ನೀರು ಹಿಂಡಿ ಒಣಗಿಸಿದ ಆಲೂಗಡ್ಡೆ. ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಹಾಸನದ ಹೊಲಗಳಲ್ಲಿ ಬೆಳೆಯುವ ಗೆಡ್ಡೆಯ ತವರು ಆ ಬೆಟ್ಟಗಳೇ.

ನನಗೆ ಅರ್ಥವಾಗಲಿಲ್ಲ ಅಂತ ಅಜ್ಜಿ ಎದ್ದು ನಿಂತು, ಲಂಗ ತುಸು ಎತ್ತಿ ಹಿಡಿದು, ನಿಂತಲ್ಲೇ ಹತ್ತು ಹೆಜ್ಜೆ ತುಳಿದು ತೋರಿಸಿದರು. ಅವರಿಗೆ ಏದುಸಿರು ಬರಲಿಲ್ಲ.