ಕಾಯುವ ದಿನಗಳಿಗೂ ಒಂದು ಪಟ್ಟಿ: ಮಾಳಮಡ್ಡಿ ಮನೆಯ ಚಾವಣಿ ಕೆಲಸದ ದಾಖಲೆ

ಯುಗಾದಿಯ ನಂತರ

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಅಜ್ಜನ ಕಾಲದ ಮನೆಗೆ ಮಂಗಳೂರು ಹೆಂಚಿನ ಚಾವಣಿ. ಕೆಲವು ಜಂತಿಗಳನ್ನು ಗೆದ್ದಲು ಟೊಳ್ಳು ಮಾಡಿದೆ, ರೀಪುಗಳು ಬಾಗಿವೆ, ಕಳೆದ ಮಳೆಗಾಲವಿಡೀ ಪಡಸಾಲೆಯಲ್ಲಿ ಬೋಗುಣಿ ಇಡಬೇಕಾಯಿತು. ಈ ಬೇಸಿಗೆಯಲ್ಲಿ ಹೆಂಚನ್ನು ಪೂರ್ತಿ ಇಳಿಸಿ, ಕೆಟ್ಟ ಕಟ್ಟಿಗೆಯನ್ನು ಬದಲಿಸಿ, ಅದೇ ಹೆಂಚನ್ನು ತೊಳೆದು ಮತ್ತೆ ಹೊದಿಸುವುದೆಂದು ಮನೆಯವರೆಲ್ಲ ಸೇರಿ ನಿಶ್ಚಯಿಸಿದೆವು. ಸ್ಲ್ಯಾಬ್ ಹಾಕಿಸಿಬಿಡಿ ಎಂದವರೂ ಇದ್ದಾರೆ. ಬೇಸಿಗೆಯ ಮಧ್ಯಾಹ್ನಗಳನ್ನು ಈ ಹೆಂಚಿನ ಕೆಳಗೆ ಕಳೆದು ಬೆಳೆದ ನನಗೆ ಆ ಮಾತು ಹಿಡಿಸಲಿಲ್ಲ.

ಮೇಲ್ವಿಚಾರಣೆಯ ಹೊಣೆ ನನ್ನದು. ಕಚೇರಿಯಲ್ಲಿ ನನ್ನ ಕೆಲಸವೇ ಯೋಜನೆಗಳ ವೇಳಾಪಟ್ಟಿ ನೋಡುವುದಾದ್ದರಿಂದ, ಗೌಂಡಿಯನ್ನು ಕರೆಯುವ ಮೊದಲೇ ಗ್ಯಾಂಟ್ ಚಾರ್ಟ್ ಬರೆಯಲು ಕುಳಿತೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಎಡಬದಿಯಲ್ಲಿ ಕೆಲಸಗಳ ಹೆಸರು, ಮೇಲೆ ದಿನಗಳು, ಪ್ರತಿ ಕೆಲಸಕ್ಕೂ ಅದು ಶುರುವಾಗುವ ದಿನದಿಂದ ಮುಗಿಯುವ ದಿನದವರೆಗೆ ಒಂದು ಅಡ್ಡ ಪಟ್ಟಿ. ಮೂಲತಃ ಇಷ್ಟೇ. ಕರಡನ್ನು ಗ್ಯಾಂಟ್‌ಪ್ರಾಜೆಕ್ಟ್ ಎಂಬ ಉಚಿತ ತಂತ್ರಾಂಶದಲ್ಲಿ ಹಾಕಿದೆ. ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಲೆಕ್ಕದ ಹಾಳೆಗಳ ತಂತ್ರಾಂಶ ಇದ್ದರೂ ಸಾಕು. ಒಂದರ ಮುಂದೊಂದು ಜೋಡಿಸಿದ ಅಡ್ಡ ಪಟ್ಟಿಗಳ ನಕ್ಷೆಯಲ್ಲಿ ಶುರುವಿನ ದಿನಾಂಕವನ್ನು ಮೊದಲ ಭಾಗವಾಗಿಯೂ ಅವಧಿಯನ್ನು ಎರಡನೆಯ ಭಾಗವಾಗಿಯೂ ಕೊಟ್ಟು, ಮೊದಲ ಭಾಗದ ಬಣ್ಣವನ್ನು ತೆಗೆದರೆ ಉಳಿಯುವುದೇ ಗ್ಯಾಂಟ್ ಚಾರ್ಟ್.

ಮೇಲಿನ ಸಾಲಿನಲ್ಲಿ ತಾರೀಖುಗಳ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಪಂಚಾಂಗದ ಮಳೆ ನಕ್ಷತ್ರಗಳು. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವುದರಿಂದ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ ಬರುತ್ತದೆ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕಾ, ಮೇ ಕೊನೆಯ ವಾರಕ್ಕೆ ರೋಹಿಣಿ, ಜೂನ್ ಮೊದಲ ವಾರ ದಾಟುತ್ತಿದ್ದಂತೆ ಮೃಗಶಿರಾ, ಆಡುಮಾತಿನಲ್ಲಿ ಮಿರಗ. ಗೌಂಡಿ ಕಾಕಾ ಮನೆ ನೋಡಲು ಬಂದಾಗ ತಾರೀಖಿನ ಮಾತನ್ನೇ ಎತ್ತಲಿಲ್ಲ. ‘ರೋಹಿಣಿ ಹೊಕ್ಕುವ ಮೊದಲು ಹೆಂಚು ಮೇಲೇರಬೇಕು, ಅಕ್ಕಾ. ಮಿರಗ ಬಂತೆಂದರೆ ನಾನು ಹೊಲಕ್ಕೆ ಹೋಗುವವನು’ ಎಂದರು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಕೆಸರು ಎಂಬ ಗಾದೆಯೇ ಇದೆ. ಮುಂಗಾರಿನ ಹೆಸರುಕಾಳು ಬಿತ್ತುವ ಕಾಲಕ್ಕೆ ಕೂಲಿಗೆ ಬಂದವರೆಲ್ಲ ಊರಿಗೆ ತಿರುಗುತ್ತಾರೆ. ಆ ಒಂದು ಸಾಲನ್ನು ಕಂಡ ಕೂಡಲೇ ಅವರು ಚಾರ್ಟನ್ನು ತಾವಾಗಿಯೇ ಓದತೊಡಗಿದರು. ಇಷ್ಟು ವರ್ಷ ಕಚೇರಿಯಲ್ಲಿ ‘ವಾರ 17, ವಾರ 18’ ಎಂದು ಬರೆಯುತ್ತ ಬಂದಿದ್ದೇನೆ. ಕೆಲಸ ಮಾಡುವವರು ಯಾವ ಲೆಕ್ಕದಲ್ಲಿ ದಿನ ಎಣಿಸುತ್ತಾರೋ ಆ ಲೆಕ್ಕ ಚಾರ್ಟಿನಲ್ಲಿ ಇರಲೇಬೇಕು ಎಂದು ಈಗ ಖಚಿತವಾಗಿ ನಂಬುತ್ತೇನೆ.

ಅಶ್ವಿನಿ

ಪಟ್ಟಿಯ ಉದ್ದವನ್ನು ಎಣಿಕೆಯಿಂದಲೇ ಹಾಕಿದ್ದೇನೆ. ಮಂಗಳೂರು ಹೆಂಚು ಒಂದು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ. ನಮ್ಮ ಚಾವಣಿ ಹತ್ತಿರ ಹತ್ತಿರ 100 ಚದರ ಮೀಟರ್, ಅಂದರೆ 1500 ಹೆಂಚು. ಇಬ್ಬರು ದಿನಕ್ಕೆ ಎಷ್ಟು ಇಳಿಸುತ್ತಾರೆ, ಎಷ್ಟು ತೊಳೆಯುತ್ತಾರೆ ಎಂದು ಕಾಕಾರನ್ನು ಕೇಳಿ ಭಾಗಿಸಿದರೆ ಪಟ್ಟಿಯ ಉದ್ದ ಸಿಗುತ್ತದೆ.

ಚಾವಣಿಯನ್ನು ಮೂರು ಪಾಲು ಮಾಡಿದ್ದೇವೆ: ಪಡಸಾಲೆ, ಅಡುಗೆಮನೆ, ಹಿಂದಿನ ಕೋಣೆ. ಎಲ್ಲವನ್ನೂ ಒಂದೇ ಸಲ ಬಿಚ್ಚಿದರೆ ಅಡ್ಡಮಳೆ ಬಂದ ದಿನ ಮನೆಯೊಳಗೆಲ್ಲ ನೀರು. ಪಾಲು ಮಾಡಿದ್ದರಿಂದ ಇನ್ನೊಂದು ಅನುಕೂಲವೂ ಆಯಿತು. ಪಡಸಾಲೆಯ ಮೇಲೆ ಬಡಿಗೇರರು ಕೆಲಸ ಮಾಡುವಾಗ ಹಿತ್ತಲಿನಲ್ಲಿ ಅದರ ಹೆಂಚು ತೊಳೆಯಬಹುದು. ಅವರು ಅಡುಗೆಮನೆಗೆ ಸರಿದಾಗ ಗೌಂಡಿ ಪಡಸಾಲೆಗೆ ಹೆಂಚು ಹೊದಿಸಬಹುದು. ಚಾರ್ಟಿನಲ್ಲಿ ಪಟ್ಟಿಗಳು ಮೆಟ್ಟಿಲಿನಂತೆ ಇಳಿದು ಬಂದಿವೆ.

ಲ್ಯಾಪ್‌ಟಾಪಿನಲ್ಲಿ ಇರುವುದನ್ನು ಬಡಿಗೇರರು ನೋಡುವುದಿಲ್ಲ. ಜ್ಯೂಬಿಲಿ ವೃತ್ತದ ಹತ್ತಿರ ದೊಡ್ಡ ಹಾಳೆಯಲ್ಲಿ ಚೌಕಳಿ ಮಾತ್ರ ಮುದ್ರಿಸಿಕೊಂಡು ಬಂದು ಪಡಸಾಲೆಯ ಪಕ್ಕದ ಗೋಡೆಗೆ ಅಂಟಿಸಿದೆ. ಕೆಲಸದ ಪಟ್ಟಿಗಳನ್ನು ಬಣ್ಣದ ಕಾಗದದಲ್ಲಿ ಕತ್ತರಿಸಿ ಗುಂಡುಪಿನ್ನಿನಿಂದ ಚುಚ್ಚಿದ್ದೇನೆ, ಬೇಕಾದಾಗ ಸರಿಸಬಹುದು. ಈ ಯುಕ್ತಿ ಪೋಲೆಂಡಿನ ಎಂಜಿನಿಯರ್ ಕಾರೋಲ್ ಅಡಾಮಿಯೆಟ್ಸ್ಕಿ ಅವರದು. ಈ ಚಾರ್ಟಿಗೆ ಹೆಸರು ಕೊಟ್ಟ ಹೆನ್ರಿ ಗ್ಯಾಂಟ್ ಜಗತ್ತಿಗೆ ತಿಳಿಯುವ ಮೊದಲೇ, 1896ರಲ್ಲಿ, ಅವರು ಕಾರ್ಖಾನೆಗಳಿಗಾಗಿ ಹಾರ್ಮೊನೋಗ್ರಾಮ್ ಎಂಬ ನಕ್ಷೆಯನ್ನು ರೂಪಿಸಿದ್ದರು. ಅದರಲ್ಲಿ ಪ್ರತಿ ಕೆಲಸಕ್ಕೂ ಸರಿಸಬಹುದಾದ ಒಂದು ಕಾಗದದ ಪಟ್ಟಿ. ಅದರ ತುದಿಯಲ್ಲಿ, ಈ ಕೆಲಸಕ್ಕೆ ಮುಂಚೆ ಯಾವುದು ಮುಗಿಯಬೇಕು, ಇದಾದ ಮೇಲೆ ಯಾವುದು ಶುರುವಾಗಬೇಕು ಎಂಬ ಬರಹ. ನಾನೂ ಪ್ರತಿ ಪಟ್ಟಿಯ ಎಡತುದಿಗೆ ‘ಯಾವುದರ ನಂತರ’, ಬಲತುದಿಗೆ ‘ಯಾವುದಕ್ಕೆ ಮೊದಲು’ ಎಂದು ಬರೆದಿದ್ದೇನೆ. ಒಂದು ಪಟ್ಟಿ ಸರಿಸಿದರೆ ಜೊತೆಗೆ ಏನೇನು ಸರಿಯಬೇಕೆಂದು ಯಾರಿಗಾದರೂ ತಿಳಿಯುತ್ತದೆ. ಈ ನಕ್ಷೆಯ ಬಗ್ಗೆ ಅಡಾಮಿಯೆಟ್ಸ್ಕಿ ಬರೆದ ಹೆಚ್ಚು ಪರಿಚಿತವಾದ ಲೇಖನ ಪ್ರಕಟವಾದದ್ದು 1931ರಲ್ಲಿ, ಅದೂ ಪೋಲಿಷ್ ಭಾಷೆಯಲ್ಲಿ. ಅಷ್ಟರಲ್ಲಿ ಪಟ್ಟಿಗಳಿಗೆಲ್ಲ ಗ್ಯಾಂಟ್ ಹೆಸರೇ ಅಂಟಿಕೊಂಡಿತ್ತು. ಇಂಥವರ ಹೆಸರು ಮರೆಯಾಗುವುದು ನನಗೆ ನಿಜಕ್ಕೂ ನೋವಿನ ವಿಷಯ.

ಇನ್ನು ಈ ದಾಖಲೆ ಬರೆಯುತ್ತಿರುವುದಕ್ಕೆ ಮುಖ್ಯ ಕಾರಣ. ಸಾಮಾನ್ಯವಾಗಿ ಚಾರ್ಟಿನಲ್ಲಿ ಕೈಗಳು ಓಡುವ ದಿನಗಳಿಗೆ ಮಾತ್ರ ಪಟ್ಟಿ ಹಾಕುತ್ತಾರೆ. ಕಾಯುವ ದಿನಗಳು ಎರಡು ಪಟ್ಟಿಗಳ ನಡುವಿನ ಖಾಲಿ ಜಾಗವಾಗಿ ಉಳಿಯುತ್ತವೆ, ಖಾಲಿ ಜಾಗಕ್ಕೆ ಹೆಸರಿಲ್ಲ, ಹೆಸರಿಲ್ಲದ್ದಕ್ಕೆ ಹೊಣೆಗಾರರಿಲ್ಲ. ಮನೆ ಕೆಲಸದಲ್ಲಿ ಮಾತ್ರ ಅರ್ಧ ಕಾಲ ಹೋಗುವುದೇ ಕಾಯುವುದರಲ್ಲಿ. ಆದ್ದರಿಂದ ಕಾಯುವುದಕ್ಕೂ ಹಳದಿ ಕಾಗದದ ಪಟ್ಟಿ ಕತ್ತರಿಸಿದ್ದೇನೆ. ಕಟ್ಟಿಗೆ ಅಡ್ಡೆಯಲ್ಲಿ ಮತ್ತಿ ಮರ ಆರಿಸಿ, ಸಾ ಮಿಲ್ಲಿನಲ್ಲಿ ಅಳತೆಗೆ ಕೊಯ್ಸಿ ತರುವವರೆಗೆ ಒಂದು ಹಳದಿ. ಹೊಸ ಜಂತಿಗೆ ಬಳಿದ ಗೇರೆಣ್ಣೆ ಒಣಗಲು ಒಂದು. ಚಾವಣಿಯ ಎರಡು ಇಳಿಜಾರುಗಳು ಕೂಡುವ ಏಣಿನ ಮೇಲೆ ಹೆಂಚು ಕೂರಿಸಿ ಸಿಮೆಂಟ್ ಗಾರೆ ಹಾಕಿದ ಮೇಲೆ ಕಡಿಮೆಯೆಂದರೆ 7 ದಿನ ನೀರು ಉಣಿಸಬೇಕು, ಅದಕ್ಕೊಂದು. ಗಾಜಿನ ಹೆಂಚು ಎಲ್ಲೆಲ್ಲಿ ಕೂರಿಸಬೇಕು ಎಂಬ ಬಗ್ಗೆ ಅವ್ವನೂ ಸೋದರಮಾವನೂ ಒಮ್ಮತಕ್ಕೆ ಬರುವವರೆಗೂ ಒಂದು ಹಳದಿ ಪಟ್ಟಿ ಇದೆ. ಅದನ್ನು ಗೋಡೆಯ ಮೇಲೆ ಕಂಡ ವಾರದಲ್ಲೇ ಇಬ್ಬರೂ ಕುಳಿತು ತೀರ್ಮಾನಿಸಿದರು: ಅಡುಗೆಮನೆಗೆ ನಾಲ್ಕು, ಪಡಸಾಲೆಗೆ ಎರಡು.

ಭರಣಿ

ರಜೆಯ ದಿನಗಳನ್ನು ಮೊದಲೇ ಕಪ್ಪು ಮಾಡಿದ್ದು ಒಳ್ಳೆಯದಾಯಿತು. ನಮ್ಮ ಬಡಿಗೇರರು ಅಮಾವಾಸ್ಯೆಯಂದು ಉಳಿ ಮುಟ್ಟುವುದಿಲ್ಲ. ಬಸವ ಜಯಂತಿ ಬಂತು. ಅದರ ಹಿಂದೆ ಮುಂದೆ ಮದುವೆಗಳ ಸಾಲು. ಊಟಕ್ಕೆ ಹೋಗಿಬರುವುದು ಅರ್ಧ ದಿನದ ಮಾತಲ್ಲ. ಕ್ಯಾಲ್ಕ್‌ನಲ್ಲಿ ನೆಟ್‌ವರ್ಕ್‌ಡೇಸ್ ಎಂಬ ಸೂತ್ರವಿದೆ. ಅದಕ್ಕೆ ರಜೆಗಳ ಪಟ್ಟಿಯನ್ನೂ ಕೊಟ್ಟರೆ ನಿಜವಾದ ಕೆಲಸದ ದಿನಗಳು ಎಷ್ಟೆಂದು ಹೇಳುತ್ತದೆ. ಅದರಲ್ಲಿ ಅಮಾವಾಸ್ಯೆಗಳನ್ನು ತುಂಬಿ ಲೆಕ್ಕ ತೆಗೆದೆ.

ತಮ್ಮ ಹುಬ್ಬಳ್ಳಿಯಿಂದ ಬಂದು ಗೋಡೆಯ ಮುಂದೆ ನಿಂತು, ‘ಅಕ್ಕಾ, ಇನ್ನೂ ನಾಲ್ಕು ಜನರನ್ನು ಹಚ್ಚೋಣ. ಕೃತ್ತಿಕಾ ಮುಗಿಯುವುದರೊಳಗೆ ಎಲ್ಲ ಆಗುತ್ತದೆ’ ಎಂದ. ಹಣ ಕೊಡಲು ಅವನು ಸಿದ್ಧನಿದ್ದ. ಚಾರ್ಟನ್ನು ತೋರಿಸಿ ಬೇಡವೆಂದೆ. ಹೆಂಚು ತೊಳೆಯುವ ಪಟ್ಟಿಯ ಬಲಕ್ಕೆ ಸಾಕಷ್ಟು ಬಿಡುವಿದೆ; ತೊಳೆದ ಹೆಂಚು ಹಿತ್ತಲಿನಲ್ಲಿ ಸಾಲಾಗಿ ಕುಳಿತು ಕಾಯುತ್ತಿದೆ. ಆ ಕೆಲಸವನ್ನು ಎರಡರಷ್ಟು ಬೇಗ ಮಾಡಿಸಿದರೂ ಚಾವಣಿ ಒಂದು ದಿನವೂ ಬೇಗ ಮುಗಿಯುವುದಿಲ್ಲ. ಎಲ್ಲಿಯೂ ಬಿಡುವಿಲ್ಲದ ಸರಪಳಿ ಒಂದೇ: ಕಟ್ಟಿಗೆ ಬರುವುದು, ಜಂತಿ ಕೂರಿಸುವುದು, ಎಣ್ಣೆ ಒಣಗುವುದು, ಹೆಂಚು ಹೊದಿಸುವುದು. ಅದರಲ್ಲಿ ಎರಡು ಕೊಂಡಿಗಳು ಹಳದಿ. ಈ ಸರಪಳಿಗೆ ಕ್ರಿಟಿಕಲ್ ಪಾತ್ ಎನ್ನುತ್ತಾರೆ. ಅದನ್ನು ಲೆಕ್ಕ ಹಾಕುವ ಕ್ರಮವನ್ನು 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಕೂಡಿ ರೂಪಿಸಿದರು. ಗ್ಯಾಂಟ್‌ಪ್ರಾಜೆಕ್ಟ್ ಅದನ್ನು ತಾನಾಗಿಯೇ ಎತ್ತಿ ತೋರಿಸುತ್ತದೆ. ತಮ್ಮ ಕೊಡಬೇಕೆಂದಿದ್ದ ಹಣದಲ್ಲಿ ಉಳಿದ ಎರಡೂ ಪಾಲಿನ ಕಟ್ಟಿಗೆಗೆ ಮುಂಗಡ ಕೊಟ್ಟು ಒಟ್ಟಿಗೇ ಕೊಯ್ಯಲು ಹೇಳಿದೆವು. ಚಾರ್ಟಿಗೆ ತಿರುಗಿ ಬಂದು ನೋಡಿದರೆ ಕೊನೆಯ ಪಟ್ಟಿ ರೋಹಿಣಿಯ ಗೆರೆಯಿಂದ ಎಡಕ್ಕೆ ಸರಿದಿತ್ತು.

ಎಷ್ಟು ಆಗಿದೆ ಎಂದು ಗುರುತಿಸಲು ಪ್ರತಿ ಪಟ್ಟಿಯ ಕೆಳಗೆ ಪೆನ್ಸಿಲಿನಿಂದ ತೆಳುವಾದ ಗೆರೆ ಎಳೆಯುತ್ತೇನೆ. ‘ಎಂಬತ್ತು ಭಾಗ ಆಯಿತು’ ಎಂಬ ಮಾತನ್ನು ಒಪ್ಪಿಕೊಳ್ಳುವುದಿಲ್ಲ. ಕೂರಿಸಿದ ರೀಪು ಎಷ್ಟು, ಹೊದಿಸಿದ ಹೆಂಚು ಎಷ್ಟು ಎಂದು ಎಣಿಸಿ ಅಷ್ಟಕ್ಕೇ ಗೆರೆ. ಇವತ್ತಿನ ದಿನವನ್ನು ತೋರಿಸಲು ಮೊಳೆಗೆ ಕಟ್ಟಿದ ಕೆಂಪು ದಾರ ಇಳಿಬಿಟ್ಟಿದ್ದೇನೆ. ಬೆಳಿಗ್ಗೆ ಅವ್ವ ಅದನ್ನು ಒಂದು ಚೌಕ ಮುಂದಕ್ಕೆ ಸರಿಸುತ್ತಾಳೆ. ಪೆನ್ಸಿಲ್ ಗೆರೆ ದಾರವನ್ನು ಮುಟ್ಟದಿದ್ದರೆ ಕೆಲಸ ಹಿಂದೆ ಬಿದ್ದಿದೆ ಎಂದರ್ಥ. ಓದು ಬರಹ ಬಾರದವರೂ ಇದನ್ನು ಓದುತ್ತಾರೆ.

ಹಿಂದೆ ಬಿದ್ದ ಜಾಗದಲ್ಲಿ ಒಂದು ಅಕ್ಷರವನ್ನೂ ಬರೆಯುತ್ತೇನೆ, ಇದು ಗ್ಯಾಂಟ್ ಅವರಿಂದ ಕಲಿತದ್ದು. ಅಮೆರಿಕದ ಆ ಎಂಜಿನಿಯರ್ (1861–1919) ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಶಸ್ತ್ರಾಸ್ತ್ರ ಮತ್ತು ಹಡಗು ನಿರ್ಮಾಣದ ಕೆಲಸಕ್ಕೆ ಈ ಚಾರ್ಟುಗಳನ್ನು ಬಳಸಿದರು. ಅವರ ಹಲವು ಚಾರ್ಟುಗಳಲ್ಲಿ ಒಂದೊಂದು ಸಾಲು ಒಂದೊಂದು ಯಂತ್ರಕ್ಕೆ ಅಥವಾ ಕೆಲಸಗಾರನಿಗೆ ಮೀಸಲು. ಯಂತ್ರ ಸುಮ್ಮನೆ ನಿಂತಿದ್ದರೆ ಅದಕ್ಕೆ ಕಾರಣವನ್ನು ಅಕ್ಷರದಿಂದ ಸೂಚಿಸುತ್ತಿದ್ದರು: ಸಾಮಗ್ರಿ ಬಂದಿಲ್ಲ, ರಿಪೇರಿ ಆಗಬೇಕು, ಕೆಲಸಗಾರನಿಗೆ ಸರಿಯಾಗಿ ಹೇಳಿಕೊಟ್ಟಿಲ್ಲ ಹೀಗೆ. ಕೆಲಸ ನಿಂತರೆ ಕೆಲಸಗಾರನನ್ನೇ ಬೈಯುವ ರೂಢಿಗೆ ಆ ಅಕ್ಷರಗಳು ಉತ್ತರವಾಗಿದ್ದವು. ಈಗಿನ ತಂತ್ರಾಂಶಗಳ ಬಣ್ಣ ಬಣ್ಣದ ಪಟ್ಟಿಗಳಲ್ಲಿ ಇದು ಸಾಮಾನ್ಯವಾಗಿ ಕಾಣುವುದಿಲ್ಲ, ಇರಬೇಕಿತ್ತು. ನನ್ನ ಗೋಡೆಯಲ್ಲಿ ಸಾಮಗ್ರಿಗೆ ‘ಸಾ’, ಜನ ಬರದಿದ್ದರೆ ‘ಜ’, ಮಳೆಗೆ ‘ಮ’, ನಮ್ಮ ನಿರ್ಧಾರ ತಡವಾದರೆ ‘ನಿ’. ಪಡಸಾಲೆಯ ಪಾಲು ಮುಗಿಯುವ ಹೊತ್ತಿಗೆ ಎಲ್ಲಕ್ಕಿಂತ ಹೆಚ್ಚು ಬಿದ್ದಿದ್ದು ‘ಸಾ’. ಎರಡನೆಯದು ‘ನಿ’. ಕೂಲಿಯವರ ಹೆಸರಿಗೆ ಬರುವ ‘ಜ’ ಮದುವೆ ಸಾಲಿನ ದಿನಗಳನ್ನು ಬಿಟ್ಟರೆ ಇಲ್ಲವೇ ಇಲ್ಲ. ಕಾಕಾ ಅದನ್ನು ನೋಡಿ ತಮ್ಮ ಹುಡುಗರನ್ನು ಕರೆದು ತೋರಿಸಿದರು.

ಕೃತ್ತಿಕಾ

ಅಡುಗೆಮನೆಯ ಹೆಂಚು ಇಳಿಸಿದ ಸಂಜೆ ಗಾಳಿ ಎದ್ದು ಅಡ್ಡಮಳೆ ಬಂತು. ತಾಡಪತ್ರಿ ಮೊದಲೇ ಮೇಲೆ ಇಟ್ಟಿದ್ದರಿಂದ ಒಲೆಕಟ್ಟೆ ಒದ್ದೆಯಾಗಲಿಲ್ಲ. ಹೊಸ ಜಂತಿ ಮಾತ್ರ ತೊಯ್ದಿತು, ಎಣ್ಣೆ ಒಣಗುವ ಹಳದಿ ಪಟ್ಟಿಯನ್ನು ಬಲಕ್ಕೆ ಉದ್ದ ಮಾಡಿ ‘ಮ’ ಬರೆದೆ. ಅದರ ನಂತರದವೆಲ್ಲ ಸರಿದವು. ಹೀಗೆ ಸರಿಸುವ ಮುನ್ನ ಗೋಡೆಯ ಫೋಟೊ ತೆಗೆದುಕೊಳ್ಳುತ್ತೇನೆ. ಮೊದಲು ಹಾಕಿದ ಯೋಜನೆ ಮೊಬೈಲಿನಲ್ಲಿ ಹಾಗೆಯೇ ಇರಬೇಕು. ಅದಿಲ್ಲದೆ ಎಲ್ಲಿ ಎಷ್ಟು ಜಾರಿತೆಂದು ಮುಂದೆ ಹೇಳಲಾಗುವುದಿಲ್ಲ.

ಪಟ್ಟಿಗಳ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಕಣ್ಣಿಗೆ ಹಿಡಿಸುವಷ್ಟಕ್ಕೇ ಇಟ್ಟಿದ್ದೇನೆ. ಮೊಳೆ ತರುವುದು, ಏಣಿ ಬಾಡಿಗೆ, ಇಂಥವಕ್ಕೆ ಬೇರೆ ಚೀಟಿ ಇದೆ. ಖರ್ಚಿನ ಲೆಕ್ಕವೂ ಇದರಲ್ಲಿ ಬರುವುದಿಲ್ಲ, ಕೆಲಸ ಚೆನ್ನಾಗಿದೆಯೇ ಎಂಬುದೂ ಬರುವುದಿಲ್ಲ. ಜಂತಿ ನೇರವಾಗಿ ಕುಳಿತಿದೆಯೇ ಎಂದು ನೋಡಲು ಮೇಲೆ ಹತ್ತಲೇಬೇಕು.

ಇಂದಿನ ಸ್ಥಿತಿ ಹೀಗಿದೆ. ಪಡಸಾಲೆ ಮುಗಿದಿದೆ, ಎರಡು ಗಾಜಿನ ಹೆಂಚುಗಳಿಂದ ಬೆಳಕು ಬೀಳುತ್ತಿದೆ. ಅಡುಗೆಮನೆಯಲ್ಲಿ ರೀಪು ಹೊಡೆಯುವುದು ನಡೆದಿದೆ. ಹಿಂದಿನ ಕೋಣೆಯ ಕಟ್ಟಿಗೆ ಕೊಯ್ದು ಸಿದ್ಧವಿದೆ. ಟೆಂಪೊ ಸಿಕ್ಕರೆ ಸೋಮವಾರ ಬರುತ್ತದೆ. ಕಾಕಾ ಮಾಡಬೇಕಾದ ಕೆಲಸದ ಪಟ್ಟಿ ಮೃಗಶಿರಾದಿಂದ ಮುಂದೆ ಯಾವುದೂ ಇಲ್ಲ, ಅವರು ಹೊಲಕ್ಕೆ ಹೋಗುತ್ತಾರೆ. ಹಿಂದಿನ ಕೋಣೆಯ ಏಣಿನ ಗಾರೆಗೆ ನೀರು ಉಣಿಸುವ 7 ದಿನಗಳಲ್ಲಿ ಕೊನೆಯ ಮೂರು ಅದರಾಚೆಗೆ ಚಾಚಿಕೊಂಡಿದ್ದರಿಂದ, ಆ ಹಳದಿ ಪಟ್ಟಿಯ ಮೇಲೆ ತಮ್ಮನ ಹೆಸರು ಬರೆದಿದ್ದೇನೆ. ಅವನು ರಜೆಗೆ ಅರ್ಜಿ ಹಾಕಿದ್ದಾನೆ.