ಕೊಪ್ಪದವನ ಗತಿ ಏನು?

ಮ್ಯಾಗಝೀನ್‌ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಹುಡುಗಿ ಫೋನ್ ಮಾಡಿದಳು. "ಹಾಸ್ಟೆಲ್ ಊಟದ ಬಗ್ಗೆ ಬೇಡ ಸರ್, ಎಲ್ಲರೂ ಅದನ್ನೇ ಬರೀತಾರೆ" ಎಂದು ಮೊದಲೇ ಷರತ್ತು ಹಾಕಿದಳು. ಹಾಗಾಗಿ ಕುಚ್ಚಲಕ್ಕಿ ಗಂಜಿಯನ್ನು ಬಿಟ್ಟು, ನಮ್ಮ ರೂಮಿನಲ್ಲಿ ಮೂರು ವರ್ಷ ನಡೆದ ಒಂದು ಜಗಳದ ಬಗ್ಗೆ ಬರೆಯುತ್ತೇನೆ. ಜಗಳದ ವಿಷಯ, ನಾನು ಸತ್ತ ಮೇಲೆ ಎಲ್ಲಿಗೆ ಹೋಗುತ್ತೇನೆ ಎಂಬುದು.

ನಾನು ಬಿ.ಎ.ಗೆ ಸೇರಿದ್ದು 1998ರಲ್ಲಿ. ರೂಮಿನಲ್ಲಿ ನಾಲ್ಕು ಜನ. ಹಾಸ್ಟೆಲಿನಲ್ಲಿ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಊರೇ ಹೆಸರು. ಕಿನ್ನಿಗೋಳಿ, ಉಡುಪಿ, ಭದ್ರಾವತಿ, ಆಮೇಲೆ ಕೊಪ್ಪ, ಅಂದರೆ ನಾನು. ಉಳಿದ ಮೂವರೂ ಕ್ರಿಶ್ಚಿಯನ್ನರು. ಘಟ್ಟದ ಮೇಲಿಂದ ಬಂದ ನನಗೆ ಕ್ರಿಶ್ಚಿಯನ್ನರೆಂದರೆ ಎಲ್ಲ ಒಂದೇ. ಮೊದಲ ಭಾನುವಾರ ಮೂವರೂ ಮೂರು ದಿಕ್ಕಿಗೆ ಹೋದಾಗಲೇ ಅನುಮಾನ ಬಂತು.

ಕಿನ್ನಿಗೋಳಿ ಕೊಂಕಣಿ ಮಾತಾಡುವ ಕ್ಯಾಥೊಲಿಕ್. ಬೆಳಿಗ್ಗೆ ಬೇಗ ಪೂಜೆ ಮುಗಿಸಿ ಬಂದು ಮತ್ತೆ ಮಲಗುತ್ತಿದ್ದ. ಉಡುಪಿಯವನ ಮನೆಯವರು ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಪ್ರೊಟೆಸ್ಟಂಟರು, ಮೂಲದಲ್ಲಿ ಬಾಸೆಲ್ ಮಿಷನ್ ಸಭೆಯವರು. 1834ರಲ್ಲಿ ಮಂಗಳೂರಿಗೆ ಹಡಗಿನಲ್ಲಿ ಬಂದಿಳಿದ ಆ ಜರ್ಮನ್ ಪಾದ್ರಿಗಳ ಕಥೆಯನ್ನು ಅವನು ಅಜ್ಜನ ಮನೆ ಸುದ್ದಿಯಂತೆ ಹೇಳುತ್ತಿದ್ದ. ಭದ್ರಾವತಿ ಪೆಂಟೆಕೋಸ್ಟಲ್. ಒಂದು ಬಾಡಿಗೆ ಹಾಲಿನಲ್ಲಿ ಅವರ ಪ್ರಾರ್ಥನೆ. ಮಧ್ಯಾಹ್ನ ಎರಡು ಗಂಟೆಗೆ ಗಂಟಲು ಕಟ್ಟಿಸಿಕೊಂಡು, ಮುಖ ಬೆಳಗಿಸಿಕೊಂಡು ಬರುತ್ತಿದ್ದ.

ಪ್ರಶ್ನೆ ಶುರು ಮಾಡಿದ್ದು ಭದ್ರಾವತಿಯೇ. ಒಂದು ರಾತ್ರಿ ನೀರಿನ ಟ್ಯಾಂಕಿನ ಹತ್ತಿರ ಹಲ್ಲುಜ್ಜುತ್ತಿದ್ದೆ. ಪಕ್ಕ ಬಂದು ನಿಂತು, "ಲೋ ಕೊಪ್ಪ, ನೀನು ಇವತ್ತು ರಾತ್ರಿ ಸತ್ತರೆ ಎಲ್ಲಿಗೆ ಹೋಗ್ತೀಯ?" ಎಂದ.

"ಮೊದಲು ಕೊಪ್ಪಕ್ಕೆ. ಹೆಣ ಊರಿಗೆ ಸಾಗಿಸಬೇಕಲ್ವಾ" ಎಂದೆ.

ಅವನು ನಗಲಿಲ್ಲ. ತಾನು ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಹೊಂದಿದ ದಿನ ಅವನಿಗೆ ತಾರೀಖು ಸಮೇತ ಗೊತ್ತಿತ್ತು. ಹತ್ತನೇ ಕ್ಲಾಸಿನ ಬೇಸಿಗೆ ರಜೆ, ಒಂದು ಬುಧವಾರ ಸಂಜೆ. ಆಮೇಲೆ ಹೊಳೆಯಲ್ಲಿ ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ. ಯೇಸುವನ್ನು ತಾನಾಗಿ ನಂಬಿ, ಬಾಯಿಬಿಟ್ಟು ಒಪ್ಪಿಕೊಂಡವನಿಗೆ ರಕ್ಷಣೆ, ಉಳಿದವರಿಗೆ ಇಲ್ಲ. ಅವನ ಲೆಕ್ಕದಲ್ಲಿ ನಾನಷ್ಟೇ ಅಲ್ಲ, ಹಸುಗೂಸಾಗಿದ್ದಾಗ ತಲೆಗೆ ನೀರು ಹಾಕಿಸಿಕೊಂಡ ಕಿನ್ನಿಗೋಳಿ, ಉಡುಪಿ ಇಬ್ಬರದ್ದೂ ಅನುಮಾನವೇ. "ಮಗುಗೆ ನಂಬಿಕೆ ಎಲ್ಲಿಂದ ಬಂತು?" ಎಂದು ಕೇಳುತ್ತಿದ್ದ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಅವನ ಬೈಬಲಿನೊಳಗೆ ಒಂದು ಚೀಟಿ ಇತ್ತು, ದಿನಾ ಪ್ರಾರ್ಥನೆ ಮಾಡಬೇಕಾದವರ ಪಟ್ಟಿ. ಅಕ್ಕನ ಮದುವೆ, ಅಪ್ಪನ ಕಾರ್ಖಾನೆ ಕೆಲಸ ಎಲ್ಲ ಆದಮೇಲೆ ಏಳನೆಯದು "ಕೊಪ್ಪ". ನನ್ನ ಸೆಮಿನಾರಿನ ಹಿಂದಿನ ರಾತ್ರಿ ಅದರ ಪಕ್ಕ ಪೆನ್ಸಿಲಿನಲ್ಲಿ "ಜ್ವರ" ಎಂದು ಬರೆದಿದ್ದ. ನರಕಕ್ಕೆ ಹೋಗುವವನ ಜ್ವರದ ಬಗ್ಗೆ ಅಷ್ಟು ತಲೆಕೆಡಿಸಿಕೊಂಡವರನ್ನು ನಾನು ಬೇರೆ ನೋಡಿಲ್ಲ.

ಕಿನ್ನಿಗೋಳಿಗೆ ತಾರೀಖಿನ ಮಾತೇ ವಿಚಿತ್ರ. "ಒಂದು ಬುಧವಾರ ಮುಗಿದುಹೋಗಲಿಕ್ಕೆ ಅದೆಂತ ಪರೀಕ್ಷೆಯಾ ಮಾರಾಯ?" ಎನ್ನುತ್ತಿದ್ದ. ಅವರಲ್ಲಿ ಅದು ಹುಟ್ಟಿನಿಂದ ಸಾವಿನವರೆಗೆ ನಡೆಯುವ ದಾರಿ. ಜ್ಞಾನಸ್ನಾನದಿಂದ (ದೀಕ್ಷಾಸ್ನಾನಕ್ಕೆ ಅವರ ಹೆಸರು) ಶುರು, ಬಿದ್ದರೆ ಕುಮ್ಸಾರ್, ಅಂದರೆ ಪಾದ್ರಿಯ ಮುಂದೆ ಪಾಪನಿವೇದನೆ, ಮಾಡಿ ಎದ್ದು ಮತ್ತೆ ನಡೆಯುವುದು. ಎಲ್ಲವೂ ದೇವರ ಕೃಪೆಯೇ, ಆದರೆ ಕೃಪೆ ಸಿಕ್ಕವನು ಸುಮ್ನೆ ಕೂರುವ ಹಾಗಿಲ್ಲ. ಸತ್ತಮೇಲೂ ಕೆಲಸ ಬಾಕಿ ಇದ್ದವರಿಗೆ ಶುದ್ಧೀಕರಣದ ಸ್ಥಳ, ಅವರಿಗಾಗಿ ಬದುಕಿದ್ದವರ ಪ್ರಾರ್ಥನೆ.

ಉಡುಪಿ ಇಬ್ಬರ ನಡುವೆ ಕೂತು ಇಬ್ಬರಿಗೂ ಉತ್ತರ ಕೊಡುತ್ತಿದ್ದ. ಕೃಪೆಯೊಂದೇ, ನಂಬಿಕೆಯೊಂದೇ, ಅದೂ ದೇವರು ಕೊಟ್ಟ ವರ, ನಾವು ಸಂಪಾದಿಸಿದ್ದಲ್ಲ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ ಅವನಿಗೆ ಬಾಯಿಪಾಠ. ಕಿನ್ನಿಗೋಳಿ ತಕ್ಷಣ ಯಾಕೋಬನ ಪತ್ರ ತೆಗೆಯುತ್ತಿದ್ದ. ಬರೀ ನಂಬಿಕೆಯಿಂದ ಅಲ್ಲ, ಕ್ರಿಯೆಯಿಂದಲೂ ಎಂದು ಅದರಲ್ಲಿದೆಯಲ್ಲ ಎಂದು.

ಈ ವಾದಕ್ಕೆ ನಮ್ಮ ಇತಿಹಾಸದ ಸರ್ ತುಪ್ಪ ಸುರಿದರು. ಎರಡನೇ ವರ್ಷದಲ್ಲಿ ಯುರೋಪಿನ ಧರ್ಮಸುಧಾರಣೆ ಪಾಠ ಇತ್ತು. 1517, ಜರ್ಮನ್ ಸುಧಾರಕ ಲೂಥರ್, ಪಾಪಕ್ಷಮೆಯ ಚೀಟಿ ಮಾರಾಟ, ಇಷ್ಟು ಬರೆದರೆ ಎಂಟು ಅಂಕ ಸಿಗುತ್ತಿತ್ತು. ಸರ್ ಅಷ್ಟಕ್ಕೆ ಬಿಡುವವರಲ್ಲ. ಬೋರ್ಡಿನ ಮೇಲೆ ದೊಡ್ಡದಾಗಿ "ಮಾತ್ರ" ಎಂದು ಬರೆದು, "ಯುರೋಪ್ ಹೊಡೆದುಕೊಂಡದ್ದು ಈ ಪದಕ್ಕೆ" ಎಂದರು. ರೋಮದವರಿಗೆ ಬರೆದ ಪತ್ರವನ್ನು ಜರ್ಮನ್‌ಗೆ ತರುವಾಗ ಲೂಥರ್ 'ನಂಬಿಕೆಯಿಂದ' ಎಂಬಲ್ಲಿ 'ನಂಬಿಕೆಯಿಂದ ಮಾತ್ರ' ಎಂದು ಹಾಕಿದ. ಗ್ರೀಕ್ ಮೂಲದಲ್ಲಿ ಆ ಪದ ಇಲ್ಲ. ಕೇಳಿದವರಿಗೆ, ಜರ್ಮನ್ ಭಾಷೆಯ ಜಾಯಮಾನಕ್ಕೆ ಅದು ಬೇಕು ಎಂದ. ಯಾಕೋಬನ ಪತ್ರವನ್ನು ಒಣಹುಲ್ಲಿನ ಪತ್ರ ಎಂದು ಕರೆದ. ಕ್ಯಾಥೊಲಿಕರ ಉತ್ತರ ಟ್ರೆಂಟ್ ಮಹಾಸಭೆಯಲ್ಲಿ, 1547ರ ಜನವರಿಯಲ್ಲಿ ಬಂತು. ನಂಬಿಕೆ ಮಾತ್ರ ಸಾಕು, ಮನುಷ್ಯನ ಮನಸ್ಸು ಸ್ವಲ್ಪವೂ ಸಹಕರಿಸಬೇಕಿಲ್ಲ ಎನ್ನುವವನಿಗೆ ಶಾಪ. ಕಿನ್ನಿಗೋಳಿ ಹಿಂದಿನ ಬೆಂಚಿನಿಂದ ಉಡುಪಿಯ ಬೆನ್ನಿಗೆ ಗುದ್ದಿದ. "ಕೇಳಿತಾ?"

ಆಮೇಲೆ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್. ಯಾರಿಗೆ ರಕ್ಷಣೆ ಎಂದು ದೇವರು ಲೋಕ ಹುಟ್ಟುವ ಮೊದಲೇ ಆರಿಸಿಟ್ಟಿದ್ದಾನೆ ಎಂಬ ಮಾತು ಕೇಳಿ ನಾನು ನಕ್ಕುಬಿಟ್ಟೆ. ಸರ್ ಪಾಠ ನಿಲ್ಲಿಸಿದರು. "ನಗಬೇಡ. ಇಲ್ಲಿಂದ ಬಸ್ ಹತ್ತಿದರೆ ಒಂದೂವರೆ ಗಂಟೆಯಲ್ಲಿ ಉಡುಪಿ. ಮಧ್ವಾಚಾರ್ಯರು ಏನು ಹೇಳಿದ್ದಾರೆ ಗೊತ್ತಾ? ಕೆಲವು ಜೀವರು ಮುಕ್ತಿಗೆ ಯೋಗ್ಯರು, ಕೆಲವರು ಸದಾ ಹುಟ್ಟು ಸಾವಿನಲ್ಲೇ ಸುತ್ತುವ ನಿತ್ಯಸಂಸಾರಿಗಳು, ಕೆಲವರಿಗೆ ಅಂಧತಮಸ್ಸು, ಅಂದರೆ ಕೊನೆಯಿಲ್ಲದ ಕತ್ತಲ ನರಕ. ಸ್ವಭಾವವೇ ಹಾಗೆ, ಬದಲಾಗಲ್ಲ." ನನ್ನ ನಗು ನಿಂತಿತು. ಅಷ್ಟಕ್ಕೂ ಬಿಡದೆ ಶ್ರೀವೈಷ್ಣವರ ಮಂಗ ಮತ್ತು ಬೆಕ್ಕಿನ ಕಥೆ ಹೇಳಿದರು. ಮಂಗನ ಮರಿ ತಾನೇ ತಾಯಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿ ಸುಮ್ನೆ ಇದ್ದರೆ ಸಾಕು, ತಾಯಿಯೇ ಕುತ್ತಿಗೆ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಅವತ್ತಿನಿಂದ ರೂಮಿನಲ್ಲಿ ಕಿನ್ನಿಗೋಳಿಗೆ ಮಂಗ, ಉಡುಪಿಗೆ ಬೆಕ್ಕು ಎಂದು ಹೆಸರು ಬಿತ್ತು. ಇದು ದೇವಶಾಸ್ತ್ರದ ಪ್ರಕಾರ ಪೂರ್ತಿ ಸರಿಯಲ್ಲ ಎಂದು ಈಗ ಗೊತ್ತು. ಆಗ ಬಹಳ ಅನುಕೂಲವಾಗಿತ್ತು.

ಸಿಲಬಸ್ಸಿನಲ್ಲಿ ಇಲ್ಲದ್ದನ್ನು ಹೇಳುವಾಗಲೇ ಸರ್ ಖುಷಿಯಾಗುತ್ತಿದ್ದರು. ಡಚ್ಚರ ಡಾರ್ಟ್ ಪಟ್ಟಣದಲ್ಲಿ 1618ರಲ್ಲಿ ಕೂಡಿದ ಸಭೆಯ ಬಗ್ಗೆ ಒಂದು ಪಿರಿಯಡ್ ಪೂರ್ತಿ ಮಾತಾಡಿದರು. ಕೃಪೆ ಎಲ್ಲರಿಗೂ ಚಾಚಿದೆ, ಮನುಷ್ಯ ಅದನ್ನು ಬೇಡ ಎನ್ನಬಹುದು ಎಂದು ಆರ್ಮಿನಿಯಸ್ ಎಂಬ ಪಂಡಿತನ ಶಿಷ್ಯರ ವಾದ. ಇಲ್ಲ, ಆರಿಸಲ್ಪಟ್ಟವನು ಕೃಪೆಯನ್ನು ತಡೆಯಲಾರ ಎಂದು ಸಭೆಯ ತೀರ್ಮಾನ. ಸೋತವರ ಕಡೆಯ ಸುಮಾರು 200 ಪಾದ್ರಿಗಳ ಕೆಲಸ ಹೋಯಿತು. ಅವರ ಬೆನ್ನಿಗಿದ್ದ ರಾಜಕಾರಣಿ ಓಲ್ಡನ್‌ಬಾರ್ನೆವೆಲ್ಟ್‌ನ ತಲೆ ತೆಗೆದರು, 70 ದಾಟಿದ ಮುದುಕ. ದೊಡ್ಡ ಕಾನೂನು ಪಂಡಿತ ಗ್ರೋಶಿಯಸ್‌ಗೆ ಜೀವಾವಧಿ ಜೈಲು. ಓದಲು ಪುಸ್ತಕ ಪೆಟ್ಟಿಗೆಯಲ್ಲಿ ಬರುತ್ತಿತ್ತು, ಓದಿದ್ದು ಅದೇ ಪೆಟ್ಟಿಗೆಯಲ್ಲಿ ವಾಪಸ್ ಹೋಗುತ್ತಿತ್ತು. ಕಾವಲುಗಾರರು ಮೊದಮೊದಲು ತೆರೆದು ನೋಡುತ್ತಿದ್ದರು, ಆಮೇಲೆ ಬೇಜಾರಾಗಿ ಬಿಟ್ಟರು. 1621ರಲ್ಲಿ ಒಂದು ದಿನ ಹೆಂಡತಿ ಪುಸ್ತಕದ ಬದಲು ಗಂಡನನ್ನೇ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿಬಿಟ್ಟಳು. ಕ್ಲಾಸು ಚಪ್ಪಾಳೆ ತಟ್ಟಿತು. ರಕ್ಷಣೆ ಅಂದರೆ ಇದು ಎಂದು ಯಾರೋ ಹಿಂದಿನಿಂದ ಕೂಗಿದರು.

1999ರ ಅಕ್ಟೋಬರ್ 31 ಭಾನುವಾರ. ಮರುದಿನ ರಾಜ್ಯೋತ್ಸವದ ರಜೆ. ಮಂಗಳವಾರ ಕಾಲೇಜಿಗೆ ಬಂದ ಸರ್ ಹಾಜರಿ ಕೂಡ ಕರೆಯದೆ, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದಾರೆ ಎಂದರು. ನಮ್ಮ ಯಾವ ಪುಣ್ಯದಿಂದಲೂ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಆ ಕೃಪೆ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಹಚ್ಚುತ್ತದೆ ಎಂದು ಇಬ್ಬರೂ ಸೇರಿ ಹೇಳಿದರು. ಇಲ್ಲಿ ಹೇಳಿದಷ್ಟಕ್ಕೆ ಹಳೆಯ ಶಾಪಗಳು ತಾಗುವುದಿಲ್ಲ ಎಂದೂ ಸೇರಿಸಿದರು. 452 ವರ್ಷದ ಮೇಲೆ! ಮೆಥೊಡಿಸ್ಟರು 2006ರಲ್ಲಿ, ಕ್ಯಾಲ್ವಿನ್ ಕಡೆಯವರು 2017ರಲ್ಲಿ ಅದಕ್ಕೆ ಸೇರಿಕೊಂಡರು.

ನಮ್ಮ ರೂಮಿನಲ್ಲಿ ಮಾತ್ರ ಆ ಸಂಜೆಯೇ ಮತ್ತೆ ಜಗಳ. ನವೆಂಬರ್ 2 ಸತ್ತವರ ದಿನ. ಕಿನ್ನಿಗೋಳಿ ಅಜ್ಜಿಯ ಸಮಾಧಿಗೆ ಹೂವು, ಮೊಂಬತ್ತಿ ಇಟ್ಟು ಬಂದಿದ್ದ. ಬೆರಳಿಗೆ ಮೇಣ ಅಂಟಿತ್ತು. ಭದ್ರಾವತಿ, "ಸತ್ತ ಮೇಲೆ ಪ್ರಾರ್ಥನೆ ಮಾಡಿ ಏನು ಪ್ರಯೋಜನ?" ಎಂದುಬಿಟ್ಟ. ಕಿನ್ನಿಗೋಳಿ ಉತ್ತರಿಸಲಿಲ್ಲ. ಮೇಣ ಕೆರೆಯುತ್ತ ಕೂತ. ಉಡುಪಿ ಎದ್ದು ಹೋಗಿ ಮೂರು ಚಹಾ ತಂದ, ಭದ್ರಾವತಿಗೆ ತರಲಿಲ್ಲ. ಉಡುಪಿಯ ಸಭೆಯವರೂ ಸತ್ತವರಿಗಾಗಿ ಪ್ರಾರ್ಥಿಸುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮತ್ತೆ ನನ್ನ ಗತಿ? "ಸಭೆಯ (ಅಂದರೆ ಚರ್ಚಿನ) ಹೊರಗೆ ರಕ್ಷಣೆ ಇಲ್ಲ" ಎಂದು ಮೂರನೇ ಶತಮಾನದಲ್ಲಿ ಸಿಪ್ರಿಯನ್ ಎಂಬ ಬಿಷಪ್ ಹೇಳಿದ್ದ. ಕಿನ್ನಿಗೋಳಿಯ ಅಜ್ಜಿ ಸಾಯುವವರೆಗೂ ಅದನ್ನೇ ನಂಬಿದ್ದರಂತೆ. ಆದರೆ 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ತಮ್ಮದಲ್ಲದ ತಪ್ಪಿನಿಂದ ಯೇಸುವಿನ ಸುವಾರ್ತೆ ಅರಿಯದೆ, ಶುದ್ಧ ಮನಸ್ಸಿನಿಂದ ದೇವರನ್ನು ಹುಡುಕಿ, ಮನಸ್ಸಾಕ್ಷಿಗೆ ಸರಿಯಾಗಿ ನಡೆಯುವವರೂ ರಕ್ಷಣೆ ಹೊಂದಬಲ್ಲರು ಎಂದಿತು. "ನಿನಗೆ ಚಾನ್ಸ್ ಉಂಟು. ಆದರೆ ನೀನು ದೇವರನ್ನು ಹುಡುಕುವುದನ್ನು ನಾನು ನೋಡಿಲ್ಲ" ಎಂದ ಕಿನ್ನಿಗೋಳಿ. ಬಾಸ್ಟನ್ನಿನ ಫೀನಿ ಎಂಬ ಪಾದ್ರಿಯ ಕಥೆಯನ್ನೂ ಸರ್ ಹೇಳಿದ್ದರು. ಹೊರಗಿರುವ ಒಬ್ಬನಿಗೂ ರಕ್ಷಣೆ ಇಲ್ಲ ಎಂದು ಹಟ ಹಿಡಿದು, ರೋಮ್ ಕರೆದರೂ ಹೋಗದೆ, 1953ರಲ್ಲಿ ತಾನೇ ಸಭೆಯಿಂದ ಹೊರಗೆ ಬಿದ್ದ. 1972ರಲ್ಲಿ ಮತ್ತೆ ಒಳಗೆ ತೆಗೆದುಕೊಂಡರು.

ಉಡುಪಿಯನ್ನು ಕೇಳಿದರೆ, "ಅದು ದೇವರ ಕೆಲಸ ಮಾರಾಯ, ನನಗೆ ಎಂತಕ್ಕೆ ಕೇಳ್ತಿ?" ಎಂದಷ್ಟೇ.

ಈ ವಾದಕ್ಕೆ ನನ್ನ ಕೊಡುಗೆ ಒಂದೇ ಒಂದು. ಭದ್ರಾವತಿ ಕೊಟ್ಟ ಅಂಗೈಯಗಲದ ಹೊಸ ಒಡಂಬಡಿಕೆಯಲ್ಲಿ ದ್ರಾಕ್ಷಿತೋಟದ ಆಳುಗಳ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ, ಓದಿದೆ. ಬೆಳಿಗ್ಗೆಯಿಂದ ದುಡಿದವನಿಗೂ ಸಂಜೆ ಐದಕ್ಕೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. "ನಮ್ಮಪ್ಪ ಹೀಗೆ ಮಾಡಿದರೆ ಮರುದಿನ ಅಡಿಕೆ ಕೊನೆ ಕೊಯ್ಯಲು ಒಬ್ಬ ಆಳೂ ಬೆಳಿಗ್ಗೆ ಬರಲ್ಲ, ಎಲ್ಲರೂ ಸಂಜೆ ಐದಕ್ಕೇ ಬರ್ತಾರೆ" ಎಂದೆ. ನಮ್ಮ ಅಡಿಕೆ ತೋಟದಲ್ಲಿ ಮಧ್ಯಾಹ್ನ ಬಂದರೆ ಅರ್ಧ ಕೂಲಿ, ಅದೂ ಗೊಣಗಿಕೊಂಡೇ.

ಉಡುಪಿ ಹಾಸಿಗೆಯಿಂದ ಎದ್ದು ಕೂತ. "ಅದೇ ಕೃಪೆ! ಲೆಕ್ಕ ಹಾಕಿದರೆ ಅದು ಕೂಲಿ."

"ಆದರೂ ತೋಟಕ್ಕೆ ಬಂದು ಒಂದು ಗಂಟೆ ಬೆವರು ಸುರಿಸಿದ್ದಾನಲ್ಲ" ಎಂದ ಕಿನ್ನಿಗೋಳಿ.

"ಕರೆದಾಗ ಬಂದ. ಕರೆದರೂ ಬರದೆ ಕಟ್ಟೆ ಮೇಲೆ ಕೂತವನಿಗೆ?" ಎಂದು ಭದ್ರಾವತಿ ನನ್ನ ಕಡೆ ನೋಡಿದ. ಅವತ್ತು ದೀಪ ಆರಿಸಿದಾಗ ಒಂದೂವರೆ.

ಅದೇ ವರ್ಷ ಕಿನ್ನಿಗೋಳಿ ಇನ್ನೊಂದು ವಿಚಿತ್ರ ಹೇಳಿದ. ಸಾವಿನ ಅಂಚಿನಲ್ಲಿದ್ದವರಿಗೆ ಪಾದ್ರಿ ಸಿಗದಿದ್ದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಕ್ರಿಶ್ಚಿಯನ್ ಆಗಿರಲೇಬೇಕು ಅಂತಿಲ್ಲ. ತಲೆಗೆ ನೀರು ಹೊಯ್ದು, ಪಿತನ, ಸುತನ ಮತ್ತು ಪವಿತ್ರಾತ್ಮನ ಹೆಸರಿನಲ್ಲಿ ಎನ್ನಬೇಕು. ಚರ್ಚ್ ಏನು ಮಾಡುತ್ತದೋ ಅದನ್ನೇ ಮಾಡುವ ಮನಸ್ಸಿದ್ದರೆ ಸಾಕು. "ನೀನೂ ಕೊಡಬಹುದು" ಎಂದ. ನನಗಿಲ್ಲದ್ದನ್ನು ನಾನು ಇನ್ನೊಬ್ಬನಿಗೆ ಕೊಡುವುದು ಹೇಗೆ ಎಂದು ನಾವು ನಕ್ಕಿದ್ದೇ ನಕ್ಕಿದ್ದು.

2010ರ ಮಳೆಗಾಲ. ನಾನು ಮಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೆ. ರಾತ್ರಿ ಒಂದು ಗಂಟೆಗೆ ಕುವೈತ್‌ನಲ್ಲಿದ್ದ ಕಿನ್ನಿಗೋಳಿಯ ಫೋನ್. ಇಲ್ಲಿದ್ದ ಅವನ ಹೆಂಡತಿಗೆ ಏಳನೇ ತಿಂಗಳಲ್ಲೇ ಹೆರಿಗೆಯಾಗಿತ್ತು. ಮಗು ಒಂದು ಕಿಲೋ ನೂರು ಗ್ರಾಂ. ಈಗ ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡುವ ಆ ಹುಡುಗಿ ಅವತ್ತು ಬದುಕುತ್ತಾಳೆಂದು ಯಾರೂ ಹೇಳಿರಲಿಲ್ಲ. ಮನೆಯವರು ಹೊರಟಿದ್ದರು, ದಾರಿಯಲ್ಲಿ ಮರ ಬಿದ್ದು ಸಿಕ್ಕಿಹಾಕಿಕೊಂಡಿದ್ದರು.

"ಕೊಪ್ಪ, ಅದು ನೆನಪುಂಟಾ?" ಎಂದ. ಯಾವುದು ಎಂದು ನಾನು ಕೇಳಲಿಲ್ಲ.

"ನನಗೆ ಹೆದರಿಕೆ ಇಲ್ಲ ಮಾರಾಯ. ಜ್ಞಾನಸ್ನಾನ ಇಲ್ಲದೆ ಸತ್ತ ಮಕ್ಕಳಿಗೂ ರಕ್ಷಣೆ ಉಂಟು ಎಂದು ಆಶಿಸಲು ಕಾರಣಗಳಿವೆ ಎಂದು 2007ರಲ್ಲಿ ರೋಮಿನ ಪಂಡಿತರೇ ಬರೆದಿದ್ದಾರೆ. ನಾನು ಓದಿದ್ದೇನೆ. ಆದರೆ ಅಮ್ಮ..." ಎಂದು ನಿಲ್ಲಿಸಿದ. ಅಮ್ಮನ ಹೆಸರು ಹೇಳಿದರೂ ಗಂಟಲು ಅವನದ್ದೇ ಕಟ್ಟಿತ್ತು.

ಸ್ಕೂಟರ್ ತೆಗೆದೆ. ಆಸ್ಪತ್ರೆಯ ಕೆಳಗಿನ ಮೆಡಿಕಲ್‌ನಲ್ಲಿ ಒಂದು ಬಾಟಲಿ ನೀರು ಕೊಂಡೆ. ಮೆಟ್ಟಿಲು ಹತ್ತುವಾಗ ಪಿತನ, ಸುತನ, ಪವಿತ್ರಾತ್ಮನ ಎಂದು ಬಾಯಿಪಾಠ ಮಾಡುತ್ತಿದ್ದೆ. ರೈನ್‌ಕೋಟಿನಿಂದ ನೀರು ಸೋರುತ್ತಿತ್ತು. ಗಾಜಿನ ಬಾಗಿಲ ಹತ್ತಿರ ನರ್ಸ್ ತಡೆದರು. ಮಲಯಾಳಿ, ಕೊರಳಲ್ಲಿ ಸಣ್ಣ ಶಿಲುಬೆ. ನಾನು ತೊದಲುತ್ತ ವಿಷಯ ಹೇಳಿದೆ.

"ಅದು ಆಗಿದೆ ಸರ್. ಹನ್ನೊಂದೂವರೆಗೇ. ತಾಯಿಯನ್ನು ಕೇಳಿ ನಾನೇ ಮಾಡಿದೆ, ಸಿರಿಂಜಿನಲ್ಲಿ ನೀರು ತೆಗೊಂಡು. ನೀವು ಮಗುವಿಗೆ ಏನಾಗಬೇಕು?"

"ಅಪ್ಪನ ರೂಮ್‌ಮೇಟ್" ಎಂದೆ.

ಹೊರಗಿನ ಬೆಂಚಿನ ಮೇಲೆ ಕೂತು ಬಾಟಲಿಯ ನೀರನ್ನು ನಾನೇ ಕುಡಿದೆ. ಆಮೇಲೆ ಕುವೈತ್‌ಗೆ ಫೋನ್ ಮಾಡಿ, "ಆಯಿತಂತೆ ಮಾರಾಯ, ನಾನು ಬರುವ ಮೊದಲೇ" ಎಂದೆ. ಆ ಕಡೆಯಿಂದ ತುಂಬ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಹಲೋ ಹಲೋ ಎಂದೆ.

"ಇದ್ದೇನೆ" ಎಂದ. ಮತ್ತೆ ಸ್ವಲ್ಪ ಬಿಟ್ಟು, "ನಿನ್ನ ಊಟ ಆಯ್ತಾ?" ಎಂದು ಕೇಳಿದ.